ಬೈಯುವ ಮೊದಲೇ ಬೈದುಕೊಳ್ಳುವ ಸಿನಿಮಾ

(ಸಿನಿಮಾ ಆಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೇರವಾಗಿ ಒಂದು ದೃಶ್ಯಕ್ಕೆ ಹೋಗೋಣ. ಒಂದು ಚಿತ್ರಮಂದಿರದ ಬಾಗಿಲು. ಈಗಷ್ಟೇ ಸಿನಿಮಾ ಬಿಟ್ಟಿದೆ. ಜನ ಮಾತಾಡಿಕೊಂಡು ಹೊರಗೆ ಬರ್ತಿದ್ದಾರೆ. ಅವರಲ್ಲಿ ಅಕ್ಕ ತಂಗಿ ಇಬ್ಬರು. ಒಬ್ಬಳು ಹೇಳುತ್ತಾಳೆ: ಗಂಡು ಹುಡುಗರು ದೊಡ್ಡವರಾಗೋದೇ ಇಲ್ಲ ಅಂತ ಹಟ ಹಿಡಿಯೋದನ್ನು ಹೊಗಳಿ ಹಾಡುವ ಸಿನಿಮಾಗಳ ಸಾಲಿಗೆ ಇದೂ ಒಂದು. ಇನ್ನೊಬ್ಬಳು ಒಪ್ಪುತ್ತಾಳೆ, ಆದರೂ 'ಮಾಲ್‌ರ್ಯಾಟ್ಸ್'ಗಿಂತ ವಾಸಿ ಅನ್ನುತ್ತಾಳೆ. ಅವರ ಹಿಂದೆ ಬಂದವರದ್ದೂ ಇದೇ ರಾಗ. ಯಾರಿಗೂ ಸಿನಿಮಾ ಪೂರ್ತಿ ಹಿಡಿಸಿದ ಹಾಗೆ ಕಾಣುವುದಿಲ್ಲ.

ಸಿನಿಮಾ ಬಿಟ್ಟ ಮೇಲೆ ಎಲ್ಲ ಕಡೆ ಕೇಳುವ ಮಾತೇ ಇದು. ಆದರೆ ಈ ದೃಶ್ಯ ಇರುವುದು ಸಿನಿಮಾದ ಒಳಗೆ. 2001ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ 'ಜೇ ಅಂಡ್ ಸೈಲೆಂಟ್ ಬಾಬ್ ಸ್ಟ್ರೈಕ್ ಬ್ಯಾಕ್' ಚಿತ್ರದ ಕೊನೆಯ ಭಾಗ ಇದು. ಆ ಅಕ್ಕ ತಂಗಿ ಇದೇ ನಿರ್ದೇಶಕ ಕೆವಿನ್ ಸ್ಮಿತ್‌ನ ಹಳೇ ಚಿತ್ರಗಳ ಪಾತ್ರಗಳು. 'ಮಾಲ್‌ರ್ಯಾಟ್ಸ್' ಕೂಡ ಅವನದ್ದೇ, 1995ರಲ್ಲಿ ನೆಲಕಚ್ಚಿದ ಚಿತ್ರ. ಅಂದರೆ ನಾವು ಎದ್ದು ಹೊರಗೆ ಹೋಗಿ ಏನೇನು ಬೈಯಬಹುದೋ, ಅದನ್ನೆಲ್ಲ ನಿರ್ದೇಶಕ ಮೊದಲೇ ತನ್ನ ಪಾತ್ರಗಳ ಬಾಯಲ್ಲಿ ಆಡಿಸಿ ಮುಗಿಸಿದ್ದಾನೆ.

ಇಂಥ ಸಿನಿಮಾ ನೋಡಿದವರು ಯಾಕೆ ಎರಡು ಪಾಲಾಗುತ್ತಾರೆ ಅನ್ನುವುದು ಇವತ್ತಿನ ವಿಷಯ. ಪೋಲಿ ಜೋಕು ತುಂಬಿದ, ತನ್ನನ್ನು ತಾನೇ ಆಡಿಕೊಳ್ಳುವ ಹಾಸ್ಯ ಚಿತ್ರ. ಒಬ್ಬರು ಹೊಟ್ಟೆ ಹುಣ್ಣಾಗುವಷ್ಟು ನಗ್ತಾರೆ, ಪಕ್ಕದವರು ವಾಚ್ ನೋಡಿಕೊಳ್ತಾರೆ. ಮಧ್ಯದಲ್ಲಿ ನಿಂತು 'ಪರವಾಗಿಲ್ಲ' ಅನ್ನುವವರು ಬಹಳ ಕಡಿಮೆ. ಕೇಳಿದರೆ ಸಿಗುವ ಸಿದ್ಧ ಉತ್ತರ, ಮಡಿವಂತರಿಗೆ ಹಿಡಿಸಲ್ಲ, ಪಡ್ಡೆಗಳಿಗೆ ಹಿಡಿಸುತ್ತೆ ಅಂತ. ನನಗೆ ಈ ಉತ್ತರ ಸಾಲದು. ಯಾಕೆ ಅಂತ ಹೇಳ್ತೀನಿ.

ಮೊದಲು ಸಿನಿಮಾ ಏನು ಅಂತ ನೋಡದವರಿಗಾಗಿ. ಜೇ ಮತ್ತು ಸೈಲೆಂಟ್ ಬಾಬ್ ಇಬ್ಬರು ಉಡಾಳರು. ನ್ಯೂಜೆರ್ಸಿಯ ಒಂದು ಅಂಗಡಿಯ ಗೋಡೆಗೆ ಒರಗಿ ಗಾಂಜಾ ಮಾರುವುದೇ ಕಸುಬು. ಜೇ ಬಾಯಿ ತೆಗೆದರೆ ಹೊಲಸು, ಬಾಬ್ ಬಾಯಿ ತೆಗೆಯುವುದೇ ಅಪರೂಪ. ಬಾಬ್ ಪಾತ್ರ ಮಾಡಿರುವವನು ನಿರ್ದೇಶಕ ಸ್ಮಿತ್ ತಾನೇ. ಇವರಿಬ್ಬರನ್ನು ಆಧರಿಸಿ ಯಾರೋ ಕಾಮಿಕ್ಸ್ ಬರೆದಿದ್ದಾರೆ, ಅದನ್ನು ಹಾಲಿವುಡ್‌ನಲ್ಲಿ ಸಿನಿಮಾ ಮಾಡ್ತಿದ್ದಾರೆ ಅಂತ ಸುದ್ದಿ ಬರುತ್ತದೆ. ಇವರಿಗೆ ನಯಾಪೈಸೆ ಇಲ್ಲ. ಅದು ಹೋಗಲಿ, ಸಿನಿಮಾ ಇನ್ನೂ ತೆಗೆದೇ ಇಲ್ಲ, ಆಗಲೇ ಇಂಟರ್‌ನೆಟ್‌ನಲ್ಲಿ ಯಾರ್ಯಾರೋ ಇವರಿಬ್ಬರನ್ನು ಬಾಯಿಗೆ ಬಂದ ಹಾಗೆ ಬೈದಿದ್ದಾರೆ. ಸರಿ, ಸಿನಿಮಾ ನಿಲ್ಲಿಸಿಬಿಟ್ಟರೆ ಬೈಗುಳವೂ ನಿಲ್ಲುತ್ತೆ ಅಂತ ಹೊರಡುತ್ತಾರೆ. ನ್ಯೂಜೆರ್ಸಿಯಿಂದ ಹಾಲಿವುಡ್‌ವರೆಗಿನ ಪ್ರಯಾಣವೇ ಕಥೆ. ದಾರಿಯಲ್ಲಿ ವಜ್ರ ಕದಿಯುವ ಹುಡುಗಿಯರು, ಒಂದು ಒರಾಂಗುಟಾನ್, ವನ್ಯಜೀವಿ ಇಲಾಖೆಯ ಒಬ್ಬ ಪೆದ್ದ ಅಧಿಕಾರಿ. ಮತ್ತೆ ಸ್ಮಿತ್‌ನ ಹಿಂದಿನ ನಾಲ್ಕು ಚಿತ್ರಗಳಿಂದ ಎದ್ದು ಬಂದ ಪಾತ್ರಗಳು.

ಆ ನಾಲ್ಕು ಚಿತ್ರಗಳಲ್ಲಿ ಮೊದಲನೆಯದು 'ಕ್ಲರ್ಕ್ಸ್', 1994ರದ್ದು. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನನ್ನ ವಾದಕ್ಕೆ ಅದು ಬೇಕು. ತಾನು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲೇ ಸ್ಮಿತ್ ಅದನ್ನು ತೆಗೆದ. ಖರ್ಚು 27,575 ಡಾಲರ್. ತನ್ನ ಕಾಮಿಕ್ಸ್ ಸಂಗ್ರಹ ಮಾರಿದ, ಕ್ರೆಡಿಟ್ ಕಾರ್ಡ್‌ಗಳನ್ನೆಲ್ಲ ಉಜ್ಜಿದ. ಹಗಲು ಅಂಗಡಿ ತೆರೆದಿರಬೇಕು, ಹಾಗಾಗಿ ಶೂಟಿಂಗ್ ರಾತ್ರಿ. ಕಥೆ ನಡೆಯೋದು ಹಗಲಲ್ಲಿ. ಹೊರಗಿನ ಕತ್ತಲು ಕಾಣಬಾರದಲ್ಲ, ಅದಕ್ಕೆ ಬೀಗದ ತೂತಿಗೆ ಯಾರೋ ಚೂಯಿಂಗ್ ಗಮ್ ತುರುಕಿದ್ದಾರೆ, ಶಟರ್ ಏಳ್ತಾ ಇಲ್ಲ ಅಂತ ಕಥೆಯಲ್ಲೇ ಒಂದು ನೆಪ ಸೇರಿಸಿದ. ಈ ಜಾಣತನ ನನಗೆ ಇವತ್ತಿಗೂ ಇಷ್ಟ. ಕಪ್ಪು ಬಿಳುಪು ಚಿತ್ರ, ಇಡೀ ಸಿನಿಮಾ ಬರೀ ಮಾತು. ಹಿಂಸೆ ಇಲ್ಲ, ಬೆತ್ತಲೆ ದೃಶ್ಯ ಇಲ್ಲ. ಆದರೂ ಮಾತು ಎಷ್ಟು ಹೊಲಸಾಗಿತ್ತು ಅಂದರೆ, ಬರೀ ಮಾತಿನ ಕಾರಣಕ್ಕೇ ಅಮೆರಿಕದ ರೇಟಿಂಗ್ ಮಂಡಳಿ ಅದಕ್ಕೆ ಎನ್‌ಸಿ-17 ಕೊಟ್ಟಿತು. ಹದಿನೇಳು ತುಂಬದವರಿಗೆ ಪ್ರವೇಶವೇ ಇಲ್ಲ ಅನ್ನುವ ದರ್ಜೆ ಅದು. ಮೇಲ್ಮನವಿ ಹಾಕಿ ಹೋರಾಡಿದ ಮೇಲೆ ಒಂದು ಮೆಟ್ಟಿಲು ಇಳಿಸಿದರು.

ಈಗ ಗಮನಿಸಿ. ಇಷ್ಟು ಹೊಲಸು ಬಾಯಿಯ 'ಕ್ಲರ್ಕ್ಸ್' ಚಿತ್ರವನ್ನು ವಿಮರ್ಶಕರು ಎತ್ತಿ ಮೆರೆಸಿದರು. ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಬಹುಮಾನ ಬಂತು. ಆಗ ಯಾರ ಮಡಿಯೂ ಮೈಲಿಗೆ ಆಗಲಿಲ್ಲ. ಏಳು ವರ್ಷದ ನಂತರ ಅದೇ ಬಾಯಿ, ಅದೇ ಹುಡುಗರು, ಅದೇ ಅಂಗಡಿ. ಈ ಸಲ ವಿಮರ್ಶಕರು ಸರಿಸುಮಾರು ಅರ್ಧಕ್ಕರ್ಧ ಹಂಚಿಹೋದರು. ಪ್ರೇಕ್ಷಕರೂ ಅಷ್ಟೇ. 'ಕ್ಲರ್ಕ್ಸ್' ನೋಡಿ ನಕ್ಕವರಲ್ಲೇ ಎಷ್ಟೋ ಜನ ಇದಕ್ಕೆ ಮೂಗು ಮುರಿದರು. ಮಡಿವಂತಿಕೆಯೇ ಕಾರಣವಾಗಿದ್ದರೆ ಮೊದಲ ಚಿತ್ರಕ್ಕೇ ಬೆಂಕಿ ಬೀಳಬೇಕಿತ್ತು, ಅಲ್ವಾ?

ಹಾಗಾದರೆ ಎರಡರ ನಡುವೆ ಬದಲಾದದ್ದೇನು? ಹೊಸದಾಗಿ ಬಂದದ್ದು ಕಣ್ಣು ಮಿಟುಕಿಸುವುದು. ಇದನ್ನು ಹತ್ತಿರದಿಂದ ತೋರಿಸ್ತೀನಿ.

ಚಿತ್ರದ ಮೊದಲ ಭಾಗದಲ್ಲಿ ಜೇ ಮತ್ತು ಬಾಬ್ ಆ ಕಾಮಿಕ್ಸ್ ಬರೆದ ಹೋಲ್ಡನ್ ಅನ್ನುವವನ ಹತ್ತಿರ ಹೋಗುತ್ತಾರೆ. ಹೋಲ್ಡನ್ ಪಾತ್ರದಲ್ಲಿ ಇರುವವನು ಬೆನ್ ಆಫ್ಲೆಕ್. ಸ್ಮಿತ್‌ನ 'ಚೇಸಿಂಗ್ ಏಮಿ' ಚಿತ್ರದ ನಾಯಕ ಈ ಹೋಲ್ಡನ್. ಅವನು ಇವರಿಗೆ ಇಂಟರ್‌ನೆಟ್ ಅಂದರೆ ಏನು, ಅಲ್ಲಿ ಸಿನಿಮಾ ಬಗ್ಗೆ ಜನ ಹೇಗೆಲ್ಲ ಬೈದಾಡ್ತಾರೆ ಅಂತ ವಿವರಿಸುತ್ತಾನೆ. ಮಾತಿನ ನಡುವೆ, ಅಲ್ಲಯ್ಯಾ, ಜೇ ಮತ್ತು ಸೈಲೆಂಟ್ ಬಾಬ್ ಬಗ್ಗೆ ಒಂದು ಸಿನಿಮಾ ಬಂದರೆ ಅದನ್ನು ದುಡ್ಡು ಕೊಟ್ಟು ಯಾರು ನೋಡ್ತಾರೆ ಅನ್ನುತ್ತಾನೆ. ಒಂದು ಕ್ಷಣ ಮೌನ. ಮೂವರೂ ಮೆಲ್ಲಗೆ ತಲೆ ತಿರುಗಿಸಿ ಕ್ಯಾಮೆರಾ ಕಡೆ, ಅಂದರೆ ದುಡ್ಡು ಕೊಟ್ಟು ಕೂತಿರುವ ನಮ್ಮ ಕಡೆ, ನೋಡುತ್ತಾರೆ.

ಆಮೇಲೆ ಹಾಲಿವುಡ್ ತಲುಪಿದಾಗ ಇದೇ ಬೆನ್ ಆಫ್ಲೆಕ್ ಬೆನ್ ಆಫ್ಲೆಕ್ ಆಗಿಯೇ ಮತ್ತೆ ಬರುತ್ತಾನೆ. ಜೊತೆಗೆ ಮ್ಯಾಟ್ ಡೇಮನ್, ಅವನೂ ಮ್ಯಾಟ್ ಡೇಮನ್ ಆಗಿಯೇ. ಇಬ್ಬರೂ ಸೇರಿ ಬರೆದು ಆಸ್ಕರ್ ಗೆದ್ದ ಗಂಭೀರ ಚಿತ್ರ 'ಗುಡ್ ವಿಲ್ ಹಂಟಿಂಗ್'. ಇಲ್ಲಿ ಅದರ ಎರಡನೇ ಭಾಗದ ಶೂಟಿಂಗ್ ನಡೀತಿದೆ. ಅಂಥ ಎರಡನೇ ಭಾಗ ನಿಜಕ್ಕೂ ಇಲ್ಲ, ಇದು ಬರೀ ತಮಾಷೆ. ಮೂಲ ಚಿತ್ರದ ನಿರ್ದೇಶಕ ಗಸ್ ವ್ಯಾನ್ ಸ್ಯಾಂಟ್ ಪಕ್ಕದಲ್ಲಿ ಕೂತು ನೋಟು ಎಣಿಸ್ತಿದ್ದಾನೆ, ತಲೆ ಎತ್ತುವುದಕ್ಕೂ ಪುರುಸೊತ್ತಿಲ್ಲ. ನಟರಿಬ್ಬರೂ ಒಬ್ಬರ ಕೆಟ್ಟ ಚಿತ್ರಗಳನ್ನು ಒಬ್ಬರು ಎತ್ತಿ ಆಡಿಕೊಳ್ತಾರೆ. ಒಂದು ಸೇಫ್ ಸಿನಿಮಾ ಮಾಡಬೇಕು, ಆಮೇಲೆ ಒಂದು ಕಲಾತ್ಮಕ ಸಿನಿಮಾ, ಒಮ್ಮೊಮ್ಮೆ ಗೆಳೆಯನ ಋಣ ತೀರಿಸೋಕೆ ಒಂದು ಸಿನಿಮಾ ಅನ್ನುವ ಮಾತು ಬರುತ್ತದೆ. ಮತ್ತೆ ಇಬ್ಬರೂ ಕ್ಯಾಮೆರಾ ಕಡೆ ನೋಡುತ್ತಾರೆ. ಋಣ ತೀರಿಸುತ್ತಿರುವ ಆ ಸಿನಿಮಾ ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಗಾದೆ ಇದೆ. ಇಲ್ಲಿ ಯಾರೂ ಕಳ್ಳ ಅಂದೇ ಇಲ್ಲ. ಸಿನಿಮಾ ತಾನಾಗಿಯೇ ಹೆಗಲು ಒರೆಸಿಕೊಂಡು, ನೋಡಿ ಇಲ್ಲಿ ಬೂದಿ ಇದೆ ಅಂತ ತೋರಿಸ್ತಾ ನಗ್ತಿದೆ.

ನೋಡುಗರು ಎರಡಾಗುವುದು ಇಲ್ಲಿಂದ. ಒಂದು ಗುಂಪಿಗೆ ಈ ಕಣ್ಣು ಮಿಟುಕು ಆಟಕ್ಕೆ ಕರೆದ ಹಾಗೆ. ನೀನೂ ನಮ್ಮವನೇ, ಬಾ, ಇದನ್ನೆಲ್ಲ ಗಂಭೀರವಾಗಿ ತಗೋಬೇಡ ಅಂತ. ಇನ್ನೊಂದು ಗುಂಪಿಗೆ ಅದೇ ಕಣ್ಣು ಮಿಟುಕು ನುಣುಚಿಕೊಳ್ಳುವ ಉಪಾಯ. ಕೆಟ್ಟದು ಅಂತ ಗೊತ್ತಿದ್ದೂ ಮಾಡಿದ್ದಾನೆ, ಈಗ ನಾವು ಹೇಳಿದರೆ 'ನಾನೇ ಹೇಳಿದ್ನಲ್ಲ' ಅಂತಾನೆ. ಹೊಲಸು ಮಾತು ಎರಡೂ ಗುಂಪಿಗೆ ಒಂದೇ. ಆ ಮಿಟುಕನ್ನು ಯಾರು ಹೇಗೆ ತಗೊಂಡರು ಅನ್ನುವುದೇ ಬೇರೆ.

ಇದಕ್ಕೆ ಸ್ವಲ್ಪ ಶಾಸ್ತ್ರದ ಬಲವೂ ಇದೆ. 2010ರಲ್ಲಿ ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರೆನ್ ಅನ್ನುವ ಇಬ್ಬರು ಸಂಶೋಧಕರು ನಗುವಿನ ಬಗ್ಗೆ ಒಂದು ವಾದ ಮುಂದಿಟ್ಟರು. ಸರಳವಾಗಿ ಹೇಳಬೇಕಂದರೆ: ಏನೋ ಒಂದು ಕಟ್ಟಳೆ ಮುರಿಯಬೇಕು, ಅದೇ ಹೊತ್ತಿಗೆ 'ಇದರಿಂದ ಯಾರಿಗೂ ತೊಂದರೆ ಇಲ್ಲ' ಅಂತಲೂ ಅನಿಸಬೇಕು. ಎರಡೂ ಒಟ್ಟಿಗೆ ಆದಾಗ ನಗು. ಬರೀ ಮುರಿದರೆ ಸಿಟ್ಟು ಬರುತ್ತೆ, ಬರೀ ತೊಂದರೆ ಇಲ್ಲ ಅಂದರೆ ಬೇಜಾರು. ಕಚಗುಳಿಯನ್ನೇ ನೋಡಿ, ಮನೆಯವರು ಇಟ್ಟರೆ ನಗ್ತೀವಿ, ಗುರುತಿಲ್ಲದವನು ಇಟ್ಟರೆ ಕೆನ್ನೆಗೆ ಬಾರಿಸ್ತೀವಿ.

ಪೋಲಿ ಜೋಕು ಕಟ್ಟಳೆ ಮುರಿಯುವ ಕೆಲಸ ಮಾಡುತ್ತದೆ. 'ತೊಂದರೆ ಇಲ್ಲ, ಸುಮ್ನೆ ತಮಾಷೆ' ಅನ್ನುವ ಭರವಸೆಯನ್ನು ಕಣ್ಣು ಮಿಟುಕು ಕೊಡಬೇಕು. ಯಾರಿಗೆ ಆ ಭರವಸೆ ತಲುಪಿತೋ ಅವರಿಗೆ ಸಿನಿಮಾ ಮನೆಯವನ ಕಚಗುಳಿ. ಸ್ಮಿತ್‌ನ ಹಿಂದಿನ ಒಂದು ಚಿತ್ರವನ್ನೂ ನೋಡದೆ ಬಂದು ಕೂತವನಿಗೆ ಹೋಲ್ಡನ್ ಯಾರು, ಈ ಅಕ್ಕ ತಂಗಿ ಯಾರು ಒಂದೂ ಗೊತ್ತಿಲ್ಲ. ಎಲ್ಲರೂ ನಗುವಾಗ ತಾನೊಬ್ಬನೇ ಸುಮ್ಮನೆ ಕೂತಿರಬೇಕು. ಅವನ ಪಾಲಿಗೆ ಉಳಿಯೋದು ಬರೀ ಹೊಲಸು ಮಾತು. ಗಳಿಕೆಯಲ್ಲೂ ಇದು ಕಾಣುತ್ತದೆ. ಚಿತ್ರ ಒಟ್ಟು ಗಳಿಸಿದ್ದು ಸುಮಾರು 3.38 ಕೋಟಿ ಡಾಲರ್. ಅದರಲ್ಲಿ 3 ಕೋಟಿಯಷ್ಟು ಅಮೆರಿಕ ಮತ್ತು ಕೆನಡಾದಲ್ಲೇ. ಒಳಮನೆಯ ಜೋಕು ಕಡಲು ದಾಟಲಿಲ್ಲ. ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ಆಗಲೇ ಇದನ್ನು ಚೆನ್ನಾಗಿ ಗುರುತಿಸಿದ್ದ. ಹೆಚ್ಚಿನ ಸಿನಿಮಾಗಳು ಎಲ್ಲರಿಗಾಗಿ ಇರುತ್ತವೆ, ಸ್ಮಿತ್‌ನ ಸಿನಿಮಾ ಒಂದೋ ನಿಮಗೆಂದೇ ಮಾಡಿದ್ದು, ಇಲ್ಲಾ ನಿಮಗಲ್ಲ ಅಂತಲೇ ಮಾಡಿದ್ದು ಅನ್ನುವ ಅರ್ಥದಲ್ಲಿ ಬರೆದಿದ್ದ.

ಇದೇನು ಈಗಿನ ಕಾಲದ ಕಾಯಿಲೆ ಅಂದುಕೊಳ್ಳಬೇಡಿ. ಕ್ರಿಸ್ತಪೂರ್ವ 423ರಲ್ಲಿ ಅಥೆನ್ಸ್ ನಗರದ ನಾಟಕ ಸ್ಪರ್ಧೆಗೆ ಅರಿಸ್ಟೊಫೇನಿಸ್ 'ಮೋಡಗಳು' ಅನ್ನುವ ನಾಟಕ ಇಳಿಸಿದ. ಸ್ಪರ್ಧೆಯಲ್ಲಿದ್ದದ್ದು ಮೂರು ನಾಟಕ, ಇವನದ್ದು ಮೂರನೆಯದಾಯಿತು. ಮನುಷ್ಯನಿಗೆ ಹೊಟ್ಟೆ ಉರಿದುಹೋಯಿತು. ನಾಟಕವನ್ನು ತಿದ್ದಿ ಬರೆದ, ಇವತ್ತು ನಮಗೆ ಸಿಕ್ಕಿರುವುದು ಆ ತಿದ್ದಿದ ಪ್ರತಿಯೇ. ಅದರ ನಡುವೆ ಕಥೆ ನಿಲ್ಲಿಸಿ, ಮೇಳದ ಬಾಯಲ್ಲಿ ಕವಿ ನೇರವಾಗಿ ಪ್ರೇಕ್ಷಕರನ್ನು ತರಾಟೆಗೆ ತಗೋತಾನೆ. ನಿಮ್ಮನ್ನು ಜಾಣರು ಅಂದುಕೊಂಡಿದ್ದೆ, ನನ್ನ ಒಳ್ಳೇ ನಾಟಕವನ್ನು ಸೋಲಿಸಿಬಿಟ್ಟಿರಿ ಅನ್ನುವ ಧಾಟಿ. ಬೇರೆಯವರ ಹಾಗೆ ನನ್ನ ನಾಟಕ ಹುಡುಗರನ್ನು ನಗಿಸೋಕೆ ಚರ್ಮದ ಲಿಂಗ ನೇತುಹಾಕಿಕೊಂಡು ಬರಲ್ಲ, ಬೋಳುತಲೆಯವರನ್ನು ಆಡಿಕೊಳ್ಳಲ್ಲ, ಪಂಜು ಹಿಡಿದು ನುಗ್ಗಲ್ಲ, ಅಯ್ಯೋ ಅಯ್ಯೋ ಅಂತ ಕಿರಚಲ್ಲ ಅನ್ನುತ್ತಾನೆ.

ಮಜಾ ಇರೋದು ಇಲ್ಲೇ. ಈ ನಾಟಕದ ಮೊಟ್ಟಮೊದಲ ಮಾತೇ ಮುದುಕನೊಬ್ಬನ 'ಅಯ್ಯೋ ಅಯ್ಯೋ'. ಕೊನೆಯಲ್ಲಿ ಪಂಜು ಹಿಡಿದು ಮನೆಗೆ ಬೆಂಕಿ ಇಡ್ತಾರೆ. ಗುಡುಗಿಗೂ ಹೊಟ್ಟೆಯ ಗಾಳಿಗೂ ಏನು ಸಂಬಂಧ, ಸೊಳ್ಳೆ ಗುಂಯ್ ಅನ್ನೋದು ಬಾಯಿಂದಲೋ ಹಿಂದಿನಿಂದಲೋ ಅನ್ನುವ ಚರ್ಚೆಯೂ ಇದೆ. ಪೋಲಿತನ, ತನ್ನ ಬಗ್ಗೆ ತಾನೇ ಮಾತು, ನೋಡುಗರ ಮೇಲೆ ಸಿಟ್ಟು, ನಡುನಡುವೆ ಕಣ್ಣು ಮಿಟುಕು. ಎಲ್ಲ ಸಾಮಾನೂ ಇಪ್ಪತ್ತನಾಲ್ಕು ಶತಮಾನದ ಹಿಂದೆಯೇ ಸಿದ್ಧವಾಗಿತ್ತು. ಸ್ಮಿತ್ ಮೈಕ್ ಹಾಕಿಕೊಂಡ, ಅಷ್ಟೇ.

ಸರಿ. ಕಣ್ಣು ಮಿಟುಕು ಕೆಲಸ ಮಾಡದೇ ಹೋದಾಗ ಏನಾಗುತ್ತೆ? ಇಲ್ಲಿ ಸ್ವಲ್ಪ ನಿಧಾನಿಸೋಣ.

ಚಿತ್ರದ ತುಂಬ ಸಲಿಂಗಿಗಳನ್ನು ಆಡಿಕೊಳ್ಳುವ ಮಾತುಗಳಿವೆ. ಅವು ಹೆಚ್ಚಾಗಿ ಬರೋದು ಜೇ ಬಾಯಿಂದ. 2001ರಲ್ಲಿ, ಬಿಡುಗಡೆಯ ಹೊತ್ತಿಗೇ, ಸಲಿಂಗಿಗಳನ್ನು ಮಾಧ್ಯಮಗಳು ಹೇಗೆ ತೋರಿಸುತ್ತವೆ ಅಂತ ಗಮನಿಸುವ 'ಗ್ಲಾಡ್' ಸಂಸ್ಥೆ ಇದಕ್ಕೆ ಬಹಿರಂಗವಾಗಿ ಆಕ್ಷೇಪ ಎತ್ತಿತು. ಸ್ಮಿತ್‌ನ ಉತ್ತರದ ತಿರುಳು ಇಷ್ಟು: ಜೇ ಒಬ್ಬ ದಡ್ಡ. ಅವನು ಅಂಥ ಮಾತು ಆಡಿದಾಗ ನಗೆಪಾಟಲಾಗುವುದು ಅವನೇ. ಈ ಉತ್ತರವನ್ನು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ. 1997ರ 'ಚೇಸಿಂಗ್ ಏಮಿ'ಯಲ್ಲಿ ಇದೇ ಸ್ಮಿತ್ ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಪಾತ್ರವನ್ನು ಮುಖ್ಯವಾಗಿಟ್ಟು, ಗಂಡಸಿನ ಅಹಂಕಾರ ಅವಳನ್ನು ಹೇಗೆ ನೋಯಿಸುತ್ತೆ ಅಂತ ತೋರಿಸಿದ್ದ. ಮತ್ತೆ ಈ ಗಲಾಟೆಯ ಹೊತ್ತಲ್ಲಿ ಮ್ಯಾಥ್ಯೂ ಶೆಪರ್ಡ್ ಹೆಸರಿನ ಪ್ರತಿಷ್ಠಾನಕ್ಕೆ 10,000 ಡಾಲರ್ ದೇಣಿಗೆಯನ್ನೂ ಕೊಟ್ಟ. ಶೆಪರ್ಡ್ 1998ರಲ್ಲಿ ವಯೋಮಿಂಗ್ ರಾಜ್ಯದಲ್ಲಿ ದ್ವೇಷಕ್ಕೆ ಬಲಿಯಾದ ಸಲಿಂಗಿ ವಿದ್ಯಾರ್ಥಿ.

ಹಾಗಾದರೆ ಗ್ಲಾಡ್ ಹೇಳಿದ್ದು ತಪ್ಪೇ? ನನಗೆ ಹಾಗನಿಸುವುದಿಲ್ಲ. ಚಿತ್ರಮಂದಿರದಲ್ಲಿ ಒಂದು ಮಾತಿಗೆ ಇನ್ನೂರು ಜನ ನಗ್ತಾರೆ ಅಂದುಕೊಳ್ಳಿ. ಅದರಲ್ಲಿ ಜೇಯನ್ನು ನೋಡಿ ನಕ್ಕವರೆಷ್ಟು, ಜೇ ಜೊತೆ ಸೇರಿ ನಕ್ಕವರೆಷ್ಟು? ನಗುವಿನ ಸದ್ದು ಎರಡಕ್ಕೂ ಒಂದೇ. ಆ ಮಾತು ಯಾರ ಬಗ್ಗೆಯೋ ಅವನು ಅದೇ ಕತ್ತಲಲ್ಲಿ ನಾಲ್ಕನೇ ಸಾಲಿನಲ್ಲಿ ಕೂತಿದ್ದಾನೆ. ಶಾಲೆಯಲ್ಲಿ, ಬೀದಿಯಲ್ಲಿ ಅದೇ ಮಾತು ಕೇಳಿಸಿಕೊಂಡು ಬಂದವನು. ಅವನಿಗೆ ನಿರ್ದೇಶಕನ ಕಣ್ಣು ಮಿಟುಕು ಕಾಣುವ ಮೊದಲು ಸುತ್ತಲಿನ ನಗು ಕೇಳಿಸುತ್ತದೆ. 'ಯಾರಿಗೂ ತೊಂದರೆ ಇಲ್ಲ' ಅನ್ನುವ ಭರವಸೆ ಕೊಡೋದು ಸುಲಭ. ತೊಂದರೆ ಆಗಿದೆಯೋ ಇಲ್ಲವೋ ಅಂತ ಹೇಳಬೇಕಾದವನು ಕೊಟ್ಟವನಲ್ಲವಲ್ಲ. 'ಜೇ ದಡ್ಡ' ಅನ್ನುವ ಸಮರ್ಥನೆ ನಿರ್ದೇಶಕನ ಮನಸ್ಸು ಹೇಗಿದೆ ಅಂತ ಹೇಳುತ್ತೆ. ಸಿನಿಮಾ ಏನು ಮಾಡ್ತು ಅಂತ ಹೇಳಲ್ಲ.

ಇನ್ನೊಂದು ವಿಚಾರ, ಇದು ಸಣ್ಣದು ಅನಿಸಬಹುದು, ಆದರೆ ಬಹಳ ಜಗಳ ಇದರಿಂದಲೇ ಬರುತ್ತೆ. ನೀವು ಆ ಸಿನಿಮಾ ಎಲ್ಲಿ, ಯಾರ ಜೊತೆ ನೋಡಿದಿರಿ? ರಾಬರ್ಟ್ ಪ್ರೊವೈನ್ ಅನ್ನುವ ನರವಿಜ್ಞಾನಿ ನಗುವನ್ನೇ ಜೀವನಪೂರ್ತಿ ಅಧ್ಯಯನ ಮಾಡಿದವರು. ಒಬ್ಬರೇ ಇರುವಾಗಿನದಕ್ಕಿಂತ ನಾಲ್ಕು ಜನರ ನಡುವೆ ನಾವು ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ ಅಂತ ಅವರು ಕಂಡುಕೊಂಡರು. ಮೊದಲ ದಿನ, ಮೊದಲ ಆಟ, ಅಭಿಮಾನಿಗಳ ನಡುವೆ ಕೂತು ನೋಡಿದವನೂ, ಐದು ವರ್ಷ ಬಿಟ್ಟು ಮನೆಯಲ್ಲಿ ಒಬ್ಬನೇ ಇಯರ್‌ಫೋನ್ ಹಾಕಿಕೊಂಡು ನೋಡಿದವನೂ ಒಂದೇ ಸಿನಿಮಾ ನೋಡಿದ್ದಾರೆ ಅಂತ ಹೇಳೋಕೆ ನನಗೆ ಧೈರ್ಯ ಸಾಲದು. ಥ್ರಿಲ್ಲರ್ ಆಗಲಿ, ದುಃಖದ ಕಥೆಯಾಗಲಿ ಒಬ್ಬರೇ ನೋಡಿದರೂ ನಡೆಯುತ್ತೆ. ಪೋಲಿ ಹಾಸ್ಯಕ್ಕೆ ಪಕ್ಕದವನ ನಗು ಬೇಕೇ ಬೇಕು.

ಅಂಕಗಳ ಕಥೆಯೂ ಇದೇ. ಸಿನಿಮಾಸ್ಕೋರ್ ಅಂತ ಒಂದು ಸಂಸ್ಥೆ ಇದೆ, 1979ರಿಂದ ಬಿಡುಗಡೆಯ ರಾತ್ರಿಯೇ ಚಿತ್ರಮಂದಿರದಲ್ಲಿ ಚೀಟಿ ಹಂಚಿ ಪ್ರೇಕ್ಷಕರಿಂದ ದರ್ಜೆ ಹಾಕಿಸುತ್ತೆ. ಮೊದಲ ರಾತ್ರಿ ಬರೋರು ಯಾರು? ಬರಬೇಕು ಅಂತಲೇ ಕಾದಿದ್ದವರು. ಅವರು ಕೊಟ್ಟ ದರ್ಜೆ ಅವರ ಮಟ್ಟಿಗೆ ನಿಜ. ಇನ್ನು ರಾಟನ್ ಟೊಮ್ಯಾಟೋಸ್ ಶೇಕಡಾ ಲೆಕ್ಕ ನೋಡಿ. ಎಷ್ಟು ವಿಮರ್ಶಕರು ಮೆಚ್ಚಿದರು ಅನ್ನುವ ಲೆಕ್ಕ ಅದು. ಅರ್ಧದ ಆಸುಪಾಸು ಬಂದರೆ, ಸಿನಿಮಾ ಸಾಧಾರಣ ಅಂತ ಓದಿಕೊಳ್ತೀವಿ. ಆದರೆ ಈ ಜಾತಿಯ ಚಿತ್ರದಲ್ಲಿ ಆ ಅರ್ಧ ಅಂದರೆ ಎರಡು ರಾಶಿ. ಈ ಕಡೆ ಬಿದ್ದು ಬಿದ್ದು ನಕ್ಕವರು, ಆ ಕಡೆ ದುಡ್ಡು ವಾಪಸ್ ಕೊಡಿ ಅಂದವರು. ನಡುವೆ ಯಾರೂ ಇಲ್ಲದ ಜಾಗದಲ್ಲಿ ಸರಾಸರಿ ಬಂದು ಕೂತಿರುತ್ತದೆ.

ಹಾಗಂತ ಎಲ್ಲ ಕಣ್ಣು ಮಿಟುಕೂ ಒಂದೇ ಅಂತ ನಾನು ಹೇಳಲ್ಲ. ನನ್ನ ಮಟ್ಟಿಗೆ ಅಳತೆಗೋಲು ಇಷ್ಟೇ: ತನ್ನನ್ನು ತಾನೇ ಆಡಿಕೊಂಡಾಗ ಮಾಡಿದವನಿಗೆ ಏನಾದರೂ ಕಳೆದುಹೋಯಿತಾ?

ಮೆಲ್ ಬ್ರೂಕ್ಸ್‌ನ 'ಬ್ಲೇಜಿಂಗ್ ಸ್ಯಾಡಲ್ಸ್' ನೋಡಿ, 1974ರದ್ದು. ಕೌಬಾಯ್ ಚಿತ್ರಗಳ ಗೇಲಿ. ಕೌಬಾಯ್‌ಗಳು ಬೆಂಕಿಯ ಸುತ್ತ ಕೂತು ಹುರುಳಿಕಾಯಿ ಬೀಜ ತಿಂದು ಒಬ್ಬೊಬ್ಬರಾಗಿ ಹೂಸು ಬಿಡುವ ದೃಶ್ಯ ಅದರಲ್ಲಿದೆ, ಟೀವಿಯಲ್ಲಿ ಹಾಕುವಾಗ ಆ ಸದ್ದುಗಳನ್ನು ತೆಗೆದಿದ್ದರು. ಕೊನೆಯಲ್ಲಿ ಹೊಡೆದಾಟ ಎಷ್ಟು ಜೋರಾಗುತ್ತೆ ಅಂದರೆ ಸ್ಟುಡಿಯೋ ಗೋಡೆ ಒಡೆದು ಪಕ್ಕದ ಸೆಟ್ಟಿನ ಹಾಡಿನ ಶೂಟಿಂಗ್‌ಗೆ ನುಗ್ಗುತ್ತಾರೆ. ನಾಯಕ ಮತ್ತು ಗೆಳೆಯ ಚಿತ್ರಮಂದಿರಕ್ಕೆ ಹೋಗಿ ತಮ್ಮದೇ ಸಿನಿಮಾದ ಕೊನೆ ನೋಡುತ್ತಾರೆ. ಆದರೆ ಅಲ್ಲಿ ಒಡೆದದ್ದು ಬರೀ ಸೆಟ್ಟಿನ ಗೋಡೆಯಲ್ಲ. ಕೌಬಾಯ್ ಚಿತ್ರಗಳು ದಶಕಗಟ್ಟಲೆ ಮುಚ್ಚಿಟ್ಟಿದ್ದ ಜನಾಂಗದ್ವೇಷವನ್ನು ಅದು ಎದುರಿಗೆ ಎಳೆದು ತಂದಿತು. ನಾಯಕ ಕಪ್ಪು ಜನಾಂಗದ ಶೆರಿಫ್, ಬರೆದವರಲ್ಲಿ ಒಬ್ಬ ಕಪ್ಪು ಜನಾಂಗದ ಹಾಸ್ಯಗಾರ ರಿಚರ್ಡ್ ಪ್ರಯರ್. ಆ ಹೊಲಸು ಮಾತುಗಳ ಬಗ್ಗೆ ಇವತ್ತಿಗೂ ತಕರಾರಿದೆ, ಇರಬೇಕಾದದ್ದೇ. ಆದರೂ 2006ರಲ್ಲಿ, ಮುಂದಿನವರಿಗಾಗಿ ಕಾಪಾಡಿಡಬೇಕಾದ ಚಿತ್ರಗಳ ಅಮೆರಿಕದ ರಾಷ್ಟ್ರೀಯ ಪಟ್ಟಿಗೆ ಅದು ಸೇರಿತು.

2013ರ 'ದಿಸ್ ಈಸ್ ದಿ ಎಂಡ್' ಇನ್ನೊಂದು. ಸೆತ್ ರೋಗನ್ ಮತ್ತು ಗೆಳೆಯರು ತಮ್ಮ ತಮ್ಮ ಹೆಸರಲ್ಲೇ ಬರ್ತಾರೆ. ಜಗತ್ತು ಮುಳುಗ್ತಿದೆ, ಇವರು ಒಂದು ಮನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಶುರುವಿನಲ್ಲೇ ವಿಮಾನ ನಿಲ್ದಾಣದಲ್ಲಿ ಒಬ್ಬ ರೋಗನ್‌ನನ್ನು ತಡೆದು, ಎಲ್ಲ ಸಿನಿಮಾದಲ್ಲೂ ಒಂದೇ ಥರ ಮಾಡ್ತೀಯಲ್ಲ, ನಿಜವಾದ ನಟನೆ ಯಾವಾಗ ಮಾಡ್ತೀಯ ಅಂತ ಕೇಳ್ತಾನೆ. ಸಂಕೋಚದ ಹುಡುಗ ಅಂತ ಹೆಸರಾದ ಮೈಕಲ್ ಸೆರಾ ಇಲ್ಲಿ ಕೊಕೇನ್ ಹೊಡೆದು ಹೇಸಿಗೆಯಾಗಿ ನಡೆದುಕೊಳ್ಳುವ ಮೈಕಲ್ ಸೆರಾ. ಇವರೆಲ್ಲ ತಮ್ಮ ಹೆಸರನ್ನೇ ಪಣಕ್ಕಿಟ್ಟಿದ್ದಾರೆ. ಜಗತ್ತು ಮುಳುಗುವಾಗ ನಿಜವಾಗಿ ಒಳ್ಳೆಯವರು ಮೇಲೆ ಹೋಗ್ತಾರೆ, ಈ ತಾರೆಯರು ಉಳಿದುಬಿಡ್ತಾರೆ. ಅವರ ಹಳೇ ಚಿತ್ರ ಒಂದನ್ನೂ ನೋಡದವನಿಗೂ ಈ ಜೋಕು ಅರ್ಥವಾಗುತ್ತೆ.

ಇದಕ್ಕೆ ತದ್ವಿರುದ್ಧ ತುದಿಯಲ್ಲಿ ಹಾಸ್ಯನಟ ಟಾಮ್ ಗ್ರೀನ್. 2001ರಲ್ಲೇ ಬಂದ ಅವನ 'ಫ್ರೆಡ್ಡಿ ಗಾಟ್ ಫಿಂಗರ್ಡ್' ಚಿತ್ರಕ್ಕೆ ವರ್ಷದ ಅತಿ ಕೆಟ್ಟ ಚಿತ್ರ ಅಂತ ರ್ಯಾಜಿ ಪ್ರಶಸ್ತಿ ಬಂತು. ಅವನು ಸ್ವತಃ ಹೋಗಿ, ಕೆಂಪು ಹಾಸನ್ನೂ ತಾನೇ ತಗೊಂಡು ಹೋಗಿ, ಅದನ್ನು ಹಾಸಿಕೊಂಡು ನಡೆದು ಪ್ರಶಸ್ತಿ ಇಸ್ಕೊಂಡ. ಸಿನಿಮಾಕ್ಕಿಂತ ಆ ನಡಿಗೆಯೇ ಚೆನ್ನಾಗಿತ್ತು ಅಂತ ನನ್ನ ಅನಿಸಿಕೆ. ಇದರಲ್ಲಿ ಸ್ಮಿತ್ ಕೂಡ ಕಡಿಮೆಯವನಲ್ಲ. 1999ರಲ್ಲಿ ಅವನ 'ಡಾಗ್ಮಾ' ವಿರುದ್ಧ ಕ್ಯಾಥೊಲಿಕರು ಪ್ರತಿಭಟನೆ ಮಾಡಿದಾಗ ಅವನೇ ಒಂದು ಫಲಕ ಹಿಡಿದು ಪ್ರತಿಭಟನೆಗಾರರ ಜೊತೆ ನಿಂತಿದ್ದ. ಟೀವಿಯವರು ಬಂದು ಅವನನ್ನೂ ಮಾತಾಡಿಸಿದರು!

ಈ ಅಳತೆಗೋಲು ಹಿಡಿದು ಜೇ ಮತ್ತು ಬಾಬ್ ಚಿತ್ರಕ್ಕೆ ವಾಪಸ್ ಬರೋಣ. ಆಫ್ಲೆಕ್ ಮತ್ತು ಡೇಮನ್ ದೃಶ್ಯ ಗೆಲ್ಲುತ್ತೆ, ಅಲ್ಲಿ ಇಬ್ಬರೂ ತಮ್ಮ ಮರ್ಯಾದೆಯನ್ನು ನಿಜವಾಗಿ ಹರಾಜಿಗೆ ಇಟ್ಟಿದ್ದಾರೆ. ಚಿತ್ರಮಂದಿರದಿಂದ ಹೊರಗೆ ಬರುವ ಅಕ್ಕ ತಂಗಿಯ ಮಾತೂ ಗೆಲ್ಲುತ್ತೆ. ನಿರ್ದೇಶಕನಿಗೆ ಅದು ನಿಜಕ್ಕೂ ಚುಚ್ಚುವ ಮಾತು, ಅದನ್ನು ತಾನೇ ಬರೆದಿದ್ದಾನೆ.

ಆದರೆ ಕೊನೆಗೆ ಏನಾಗುತ್ತೆ ಗೊತ್ತಾ? ಜೇ ಮತ್ತು ಬಾಬ್‌ಗೆ ಸಿನಿಮಾದಿಂದ ದುಡ್ಡು ಬರುತ್ತೆ. ಆ ದುಡ್ಡಲ್ಲಿ ಇಂಟರ್‌ನೆಟ್‌ನಲ್ಲಿ ಬೈದವರ ಪಟ್ಟಿ ಹಿಡಿದು ಊರೂರು ಸುತ್ತಿ, ಬಾಗಿಲು ತಟ್ಟಿ, ಬರೆದದ್ದು ನೀನೇನಾ ಅಂತ ಕೇಳಿ ಬಾರಿಸ್ತಾರೆ. ಎಷ್ಟೋ ಮನೆಯಲ್ಲಿ ಬಾಗಿಲು ತೆಗೆಯೋದು ಹುಡುಗರು. ಅಭಿಮಾನಿಗಳಿಗೆ ಇದು ಚಿತ್ರದ ಅತಿ ದೊಡ್ಡ ನಗು. ನನಗೆ ಇಲ್ಲಿ ಬಾಯಿ ಕಹಿಯಾಗುತ್ತದೆ. ಒಂದೂವರೆ ಗಂಟೆ ತನ್ನನ್ನು ತಾನೇ ಆಡಿಕೊಂಡ ಸಿನಿಮಾ, ಬೇರೆಯವನು ಆಡಿಕೊಂಡ ತಕ್ಷಣ ತೋಳು ಮಡಚಿತಲ್ಲ! ನನ್ನನ್ನು ಬೈಯುವ ಹಕ್ಕು ನನಗೆ ಮಾತ್ರ ಅಂದ ಹಾಗಾಯಿತು. ಕಣ್ಣು ಮಿಟುಕಿಸಿದವನ ಇನ್ನೊಂದು ಕಣ್ಣಲ್ಲಿ ಅಷ್ಟೂ ಹೊತ್ತು ಸಿಟ್ಟಿತ್ತು ಅಂತ ಗೊತ್ತಾಗುವ ಜಾಗ ಅದು. 'ನುಣುಚಿಕೊಳ್ತಿದ್ದಾನೆ' ಅಂತ ಗೊಣಗಿದ ಎರಡನೇ ಗುಂಪಿನ ಅನುಮಾನಕ್ಕೆ ಸಿನಿಮಾ ತಾನೇ ಸಾಕ್ಷಿ ಒದಗಿಸಿಬಿಟ್ಟಿತು.

ತೆರೆಯ ಮೇಲೆ ಎಲ್ಲ ಹೆಸರುಗಳು ಮುಗಿದ ಮೇಲೆ, ಗಾಯಕಿ ಅಲಾನಿಸ್ ಮೋರಿಸೆಟ್ ದೇವರಾಗಿ ಬಂದು ಈ ಪಾತ್ರಗಳ ಲೋಕದ ಪುಸ್ತಕವನ್ನು ಮುಚ್ಚುತ್ತಾಳೆ. ಮುಗೀತು ಅಂತ ಅರ್ಥ. ಮುಗಿಯಲಿಲ್ಲ ಅನ್ನಿ. 2019ರಲ್ಲಿ 'ಜೇ ಅಂಡ್ ಸೈಲೆಂಟ್ ಬಾಬ್ ರೀಬೂಟ್' ಬಂತು. ಅದೇ ಕಥೆ: ಹಾಲಿವುಡ್‌ನವರು ಹಳೇ ಚಿತ್ರವನ್ನೇ ಮತ್ತೆ ಮಾಡ್ತಿದ್ದಾರೆ, ಇವರಿಬ್ಬರೂ ಅದನ್ನು ನಿಲ್ಲಿಸೋಕೆ ಮತ್ತೆ ಹೊರಡ್ತಾರೆ. ಒಂದೇ ವ್ಯತ್ಯಾಸ, ಈಗ ಜೇಗೆ ಒಬ್ಬ ಮಗಳಿದ್ದಾಳೆ. ಆ ಪಾತ್ರ ಮಾಡಿದ್ದು ಸ್ಮಿತ್‌ನ ಸ್ವಂತ ಮಗಳು. ಹಿಂದಿನ ವರ್ಷವಷ್ಟೇ ಸ್ಮಿತ್‌ಗೆ ದೊಡ್ಡ ಹೃದಯಾಘಾತವಾಗಿತ್ತು.

ಈ ಸಲ ಅವನು ಎಲ್ಲರಿಗೂ ತೋರಿಸುವ ಗೋಜಿಗೇ ಹೋಗಲಿಲ್ಲ. ಅಕ್ಟೋಬರ್‌ನಲ್ಲಿ ಎರಡು ದಿನ ವಿಶೇಷ ಪ್ರದರ್ಶನ, ಆಮೇಲೆ ತಾನೇ ಊರಿಂದ ಊರಿಗೆ ಚಿತ್ರ ಹೊತ್ತುಕೊಂಡು ಹೋಗಿ, ಅಭಿಮಾನಿಗಳ ನಡುವೆ ಹಾಕಿ, ಮುಗಿದ ಮೇಲೆ ವೇದಿಕೆ ಹತ್ತಿ ಹರಟೆ. ಈಬರ್ಟ್ ಹೇಳಿದ್ದನ್ನು ವ್ಯಾಪಾರದ ಲೆಕ್ಕದಲ್ಲಿ ಜಾರಿಗೆ ತಂದ ಹಾಗೆ. ನಿಮಗಲ್ಲ ಅಂತ ಮಾಡಿದ್ದು ನಿಮ್ಮ ಕಣ್ಣಿಗೂ ಬೀಳಲ್ಲ. ಎರಡು ಗುಂಪಿನ ಜಗಳವೂ ಬಹುಮಟ್ಟಿಗೆ ತಣ್ಣಗಾಯಿತು, ಜಗಳ ಆಡೋಕೆ ಎರಡನೇ ಗುಂಪು ಬರಬೇಕಲ್ಲ. ನನಗೆ ಇದರಿಂದ ಪೂರ್ತಿ ಖುಷಿ ಏನೂ ಆಗಿಲ್ಲ. ಬರೀ ಒಪ್ಪುವವರ ನಡುವೆ ಕೂತಾಗ ಪೋಲಿ ಜೋಕು ಮುರಿಯಲು ಅಲ್ಲಿ ಕಟ್ಟಳೆಯೇ ಉಳಿದಿರೋದಿಲ್ಲ.

ಅದೆಲ್ಲ ಸರಿ, ನಿಮಗೆ 2001ರ ಚಿತ್ರ ಇಷ್ಟವಾಯ್ತಾ ಇಲ್ವಾ ಅಂತ ಕೇಳ್ತೀರಿ, ಗೊತ್ತು. ಹಾಲಿವುಡ್ ತಲುಪಿದ ಮೇಲಿನ ಭಾಗಕ್ಕೆ ನಾನು ಮನಸಾರೆ ನಕ್ಕಿದ್ದೇನೆ. ವಜ್ರ ಕದಿಯುವ ಹುಡುಗಿಯರ ಭಾಗ ಎಳೆದಾಟ, ಅಲ್ಲಿ ಒರಾಂಗುಟಾನ್ ಒಂದೇ ಮರ್ಯಾದೆ ಉಳಿಸೋದು. ಬಾಗಿಲು ತಟ್ಟಿ ಹೊಡೆಯುವ ದೃಶ್ಯ ಬಂದಾಗ ರಿಮೋಟ್ ಕೈಗೆ ತಗೋತೀನಿ. ಯಾರಾದರೂ ಮೊದಲ ಸಲ ನೋಡುವವರಿದ್ದರೆ 'ಕ್ಲರ್ಕ್ಸ್' ಮತ್ತು 'ಚೇಸಿಂಗ್ ಏಮಿ' ನೋಡಿಕೊಂಡು ಬನ್ನಿ. ಅಷ್ಟು ಮಾಡಿಯೂ ಹಿಡಿಸದಿದ್ದರೆ ನೀವು ಎರಡನೇ ಗುಂಪಿನವರು, ಅವರಲ್ಲಿ ನನ್ನ ಒಳ್ಳೇ ಸ್ನೇಹಿತರು ಬಹಳ ಜನ ಇದ್ದಾರೆ.